ಜಿನ್ನವ್ವನ ಮನಶುದ್ಧಿ

ಪೂಜ್ಯ ಶ್ರೀ ಕ್ಷಾಂತಿಕೀರ್ತಿ ಮುನಿಮಹಾರಾಜರು ಆ ವರ್ಷದ ಚಾತುರ್ಮಾಸಕ್ಕೆ ನಮ್ಮ ಹಳೆಕೆರೂರಿನಲ್ಲಿ ತಂಗಿದ್ದರು. ಬಸದಿಯ ಪಕ್ಕದ ಪಡಸಾಲೆ, ಮಲಗಲು ಒಂದು ಹಲಗೆ, ನವಿಲುಗರಿಯ ಒಂದು ಪಿಂಛಿ, ಒಂದು ಕಮಂಡಲು. ಮಾಳಿಗೆಯ ಒಂದು ಮೂಲೆ ಸೋರುತ್ತಿತ್ತು. ರಿಪೇರಿ ಮಾಡಿಸುತ್ತೇವೆಂದು ನಾವು ಹೇಳಿದಾಗೆಲ್ಲ ಪೂಜ್ಯರು ಹಲಗೆಯನ್ನು ಒಂದು ಮೊಳ ಈಚೆಗೆ ಎಳೆದುಕೊಂಡು ನಗುತ್ತಿದ್ದರು. ಎಪ್ಪತ್ತು ದಾಟಿದ ದೇಹ.

ದಿಗಂಬರ ಮುನಿಗಳ ಆಹಾರದ ಕ್ರಮ ಗೊತ್ತಿಲ್ಲದವರಿಗೆ ಒಂದು ಮಾತು. ದಿನಕ್ಕೆ ಒಂದೇ ಹೊತ್ತು, ನಿಂತು, ಅಂಗೈಯಲ್ಲಿ. ನೀರೂ ಆಗಲೇ. ಹೊರಡುವ ಮುನ್ನ ಮನಸ್ಸಿನಲ್ಲೇ ಒಂದು ಗುರುತು ಇಟ್ಟುಕೊಳ್ಳುತ್ತಾರೆ. ಅದು ಕಂಡಲ್ಲಿ ನಿಲ್ಲುತ್ತಾರೆ, ಕಾಣದಿದ್ದರೆ ಹಸಿದೇ ಮರಳುತ್ತಾರೆ. ಗುರುತು ಏನೆಂದು ಯಾರಿಗೂ ಹೇಳುವುದಿಲ್ಲ. ಅವರು ನಿಂತಾಗ ಮನೆಯವರು ‘ನಮೋಸ್ತು, ಇಲ್ಲಿ ನಿಲ್ಲಿ’ ಎಂದು ಬಿನ್ನವಿಸಿಕೊಂಡು, ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರಜಲಶುದ್ಧಿ ಇದೆಯೆಂದು ಬಾಯಿಬಿಟ್ಟು ಹೇಳಬೇಕು. ಆಮೇಲೆಯೇ ಒಳಗೆ ಬರುವುದು.

ಶ್ರಾವಣದಲ್ಲಿ ಮೂರು ದಿನ ಸತತವಾಗಿ ಮಹಾರಾಜರು ಹಸಿದೇ ಮರಳಿದರು. ಊರಿಗೆ ಊರೇ ಕಂಗಾಲಾಯಿತು. ಒಬ್ಬರು ಕಬ್ಬು ಹಿಡಿದು ನಿಂತರು, ಇನ್ನೊಬ್ಬರು ಕಳಸ. ಆದಗೌಡರು ಕರುವನ್ನೇ ತಂದು ಬಾಗಿಲಲ್ಲಿ ಕಟ್ಟಿದರು. ಈ ಬರೆಯುವ ಬಡಪಾಯಿಯೂ ಎರಡು ಕೈಯಲ್ಲಿ ಎರಡು ತೆಂಗಿನಕಾಯಿ ಹಿಡಿದು, ತೋಳು ನೋಯುವವರೆಗೆ ನಿಂತದ್ದುಂಟು. ಪೂಜ್ಯರು ನಮ್ಮನ್ನೆಲ್ಲ ಪ್ರಸನ್ನರಾಗಿ ನೋಡುತ್ತ ಸಾಗಿಹೋದರು. ನಾಲ್ಕನೆಯ ದಿನ ಅವರ ಹೆಜ್ಜೆ ತಡವರಿಸುತ್ತಿತ್ತು.

ನಮ್ಮ ಓಣಿಯಲ್ಲಿ ಬಾಗಿಲಿಗೆ ಬಾರದ ಮನೆ ಒಂದೇ, ಜಿನ್ನವ್ವನದು. ಗಂಡ ಪಾಯಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಅಂದಿನಿಂದ ಆಕೆ ಜಪಮಣಿ ಮುಟ್ಟಿರಲಿಲ್ಲ, ನಿತ್ಯ ಓದುತ್ತಿದ್ದ ಶಾಸ್ತ್ರವನ್ನು ಬಿಚ್ಚಿರಲಿಲ್ಲ. ತವರಿನಿಂದ ತಂದ ಗ್ರಂಥ ಅದು. ಮನೆಯಲ್ಲಿ ಸುಮ್ಮನೆ ಇಟ್ಟುಕೊಂಡರೆ ಪಾಪವೆಂದು, ಆ ನಾಲ್ಕನೆಯ ದಿನ ಮಿಂದು ಮಡಿಯುಟ್ಟು, ಅದನ್ನು ಬಸದಿಗೆ ಒಪ್ಪಿಸಿಬಿಡಲು ಎತ್ತಿಕೊಂಡು ಹೊರಬಂದರು. ಮಹಾರಾಜರು ಎದುರಿಗೇ ಬಂದರು. ಆ ಪಾದಗಳು ಅಲ್ಲೇ ನಿಂತವು.

ನಾವೆಲ್ಲ ಓಡಿದೆವು. ಪಕ್ಕದ ಮನೆಯ ಚಂದ್ರವ್ವ ತನ್ನ ಅಡಿಗೆ ಸಿದ್ಧವಿದೆ, ಬಿನ್ನವಿಸಿಕೊಂಡರೆ ಸಾಕು ಎಂದು ಕಿವಿಯಲ್ಲಿ ಹೇಳಿದಳು. ಜಿನ್ನವ್ವ ನಮೋಸ್ತು ಎಂದರು, ನಿಲ್ಲಿ ಎಂದರು. ‘ಮನ’ ಎಂಬಲ್ಲಿಗೆ ಬಂದು ಮಾತು ನಿಂತುಹೋಯಿತು. ನಾಲ್ಕು ದಿನ ಹಸಿದ ಮುನಿಗಳು ಎದುರಿಗಿದ್ದಾರೆ.

“ನನ್ನ ಮನಸ್ಸು ಶುದ್ಧ ಇಲ್ರೀ ಮಹಾರಾಜ್ರ. ನಿಮ್ಮ ಮುಂದ ಸುಳ್ಳು ಹೆಂಗ ಹೇಳ್ಲಿ?” ಎಂದರು ಜಿನ್ನವ್ವ.

ಪೂಜ್ಯರು ಒಂದು ಕ್ಷಣ ಆಕೆಯ ಮುಖ ನೋಡಿ, ಬಂದ ದಾರಿಯಲ್ಲೇ ಬಸದಿಗೆ ಮರಳಿದರು.

ಎಲುಬಿಲ್ಲದ ನಾಲಿಗೆಗಳು ಆಮೇಲೆ ಆಡಿದ್ದನ್ನು ಇಲ್ಲಿ ಬರೆಯಲಾರೆ. ನಾನೂ ಆಡಿದವನೇ. ಒಂದು ಮಾತು ಆಡಿಬಿಟ್ಟಿದ್ದರೆ ಆಕೆಯ ಗಂಟೇನು ಹೋಗುತ್ತಿತ್ತು ಎಂದು ಬಾಯಿಗೆ ಬಂದಂತೆ ಬೈದೆ.

ಮಧ್ಯಾಹ್ನ ಜಿನ್ನವ್ವ ಪಡಸಾಲೆಗೆ ಬಂದು ದೂರದಲ್ಲಿ ಕುಳಿತರು. ಯಾರೂ ಜಾಗ ಬಿಡಲಿಲ್ಲ. ಆಗ ಮಹಾರಾಜರು ನಮ್ಮ ಕಡೆ ತಿರುಗಿ, ಆಕೆ ಸುಳ್ಳಾಡಿ ಕೊಟ್ಟಿದ್ದರೆ ಆ ತುತ್ತು ತಮಗೆ ದಕ್ಕುತ್ತಿರಲಿಲ್ಲ ಎಂದರು. ನಾವು ತಲೆ ತಗ್ಗಿಸಿ ದಾರಿ ಬಿಟ್ಟೆವು. ಮನಸ್ಸಿನಲ್ಲಿರುವುದನ್ನು ಹೇಳಿ ಎಂದು ಪೂಜ್ಯರು ಆಕೆಗೆ ಸನ್ನೆ ಮಾಡಿದರು.

ಆಕೆ ಹೇಳಿದರು. ಆಕೆಯದು ಮುಂಜಾನೆಯ ಸಾಮಾಯಿಕ. ಎರಡು ಗಳಿಗೆ ಕುಳಿತಲ್ಲಿಂದ ಏಳದೆ, ಮಾತಾಡದೆ ಮಾಡುವ ಧ್ಯಾನ, ಆಮೇಲೆ ಶಾಸ್ತ್ರದ ಓದು. ನಲವತ್ತು ವರ್ಷ ತಪ್ಪಿರಲಿಲ್ಲ. ಎರಡು ವರ್ಷದ ಹಿಂದಿನ ಆ ದಿನ ಹಿತ್ತಲಿನಿಂದ ಪಾಯಪ್ಪ ಎರಡು ಸಲ ಕರೆದರು. ಕನ್ನಡಕ ಸಿಗದಿದ್ದರೂ ಹಾಗೇ ಕರೆಯುವ ಮನುಷ್ಯ. ವ್ರತ ಮುರಿಯಬಾರದೆಂದು ಆಕೆ ಏಳಲಿಲ್ಲ. ಮುಗಿಸಿ ಹೋಗಿ ನೋಡಿದರೆ ನೀರಿನ ಹಂಡೆಯ ಪಕ್ಕ ಬಿದ್ದಿದ್ದರು, ಜೀವ ಹೋಗಿತ್ತು. ಊರವರು ಬಂದು, ಗಂಡ ಹೋಗುವಾಗಲೂ ಸಾಮಾಯಿಕ ಬಿಡಲಿಲ್ಲ, ಎಂಥ ನಿಷ್ಠೆ ಎಂದು ಹೊಗಳಿದರು. ಗಾಯದ ಮೇಲೆ ಬರೆ ಎಳೆದಂತಾಯಿತು ಎಂದರು ಜಿನ್ನವ್ವ. ಅಯ್ಯೋ, ಹಾಗೆ ಹೊಗಳಿದವರೆಲ್ಲ ಅಲ್ಲೇ ಕುಳಿತಿದ್ದೆವು.

“ನಿಂದೇನೂ ತಪ್ಪಿಲ್ಲ, ಆಯುಷ್ಯ ಮುಗಿದಿತ್ತು ಅಂತ ಎಲ್ಲಾರೂ ಅಂತಾರ್ರೀ. ನೀವ ಹೇಳ್ರಿ.”

ಮಹಾರಾಜರು ಆಕೆಯ ಕಡೆ ತಿರುಗಿದರು. ಆಮೇಲೆ ಮೆಲ್ಲನೆ, “ಏಳಬೇಕಿತ್ತು, ತಾಯಿ” ಎಂದರು.

ಇಷ್ಟು ನೊಂದವಳಿಗೆ ಇದೇನು ಮಾತು ಎಂದು ನಮಗೆ ಅನಿಸಿತು. ಆದರೆ ಗಂಡ ತೀರಿಕೊಂಡ ದಿನವೂ ಕಣ್ಣೀರು ಹಾಕದಿದ್ದ ಜಿನ್ನವ್ವ ಸೆರಗು ಬಾಯಿಗಿಟ್ಟುಕೊಂಡು ಅಳತೊಡಗಿದರು. ಎರಡು ವರ್ಷ ಒಬ್ಬರೇ ಹೊತ್ತಿದ್ದ ಸತ್ಯವನ್ನು ಇನ್ನೊಬ್ಬರು ಒಪ್ಪಿಕೊಂಡಿದ್ದರು. ಅಳು ತಗ್ಗುವವರೆಗೆ ಪೂಜ್ಯರು ಕಾದರು. ಅವರ ಕಣ್ಣೂ ಒದ್ದೆಯಾಗಿತ್ತು.

“ಎದ್ದಿದ್ದರೆ ಅವರು ಬದುಕುತ್ತಿದ್ದರೋ ಇಲ್ಲವೋ, ನಾನು ಅರಿಯೆ. ಅಂದು ಏಳಲಿಲ್ಲವೆಂದು ಇಂದು ಸಾಮಾಯಿಕಕ್ಕೆ ಕೂಡದೇ ಇದ್ದರೆ ಪಾಯಪ್ಪನವರಿಗೆ ಏನು ಸಿಕ್ಕಂತಾಯಿತು?”

ಕುಳಿತಾಗ ಮತ್ತೆ ಯಾರಾದರೂ ಕರೆದರೆ ಏನು ಮಾಡಲಿ ಎಂದು ಜಿನ್ನವ್ವ ಕೇಳಿದರು. ಹೆದರಿಕೆ ಇದ್ದದ್ದೇ ಅಲ್ಲಿ.

“ಏಳಿ. ಹೋಗಿ ಬನ್ನಿ. ಬಂದು ಮತ್ತೆ ಕೂಡಿ. ಭಗವಂತರು ಎಲ್ಲಿಗೂ ಹೋಗುವುದಿಲ್ಲ.”

ಪ್ರಾಯಶ್ಚಿತ್ತ ಕೇಳಿದ್ದಕ್ಕೆ ದಿನಕ್ಕೊಂದು ಪುಟ ಓದಬೇಕೆಂದರು, ಅಷ್ಟೇ. ಗ್ರಂಥವನ್ನು ಬಸದಿಗೆ ಕೊಡದೆ ಆಕೆ ಮನೆಗೆ ಮರಳಿ ಒಯ್ದರು.

ಐದನೆಯ ದಿನದ ಸಂಭ್ರಮ ಹೇಳಬೇಕೇ! ಗುರುತು ಗ್ರಂಥವೇ ಇರಬೇಕೆಂದು ಓಣಿಯ ತುಂಬ ಜನ ಶಾಸ್ತ್ರ ಹಿಡಿದು ನಿಂತಿದ್ದರು. ಎಷ್ಟೋ ಮನೆಗಳಲ್ಲಿ ಪುಸ್ತಕ ಕಪಾಟಿನಿಂದ ಇಳಿದದ್ದು ಅಂದೇ. ನಾನು ಹಿಡಿದದ್ದರಿಂದ ಎರಡು ಹುಳ ಹೊರಬಂದು ತೋಳೇರಿದವು. ಮಹಾರಾಜರು ಎಲ್ಲರನ್ನೂ ದಾಟಿ ನಡೆದರು.

ಜಿನ್ನವ್ವ ಬಾಗಿಲಲ್ಲಿರಲಿಲ್ಲ. ಬೆಳಕು ಹರಿಯುವ ಮೊದಲೇ ಎದ್ದು ನೀರು ಸೋಸಿ, ಅನ್ನ, ಹೆಸರುಬೇಳೆ ಸಾರು ಮಾಡಿಟ್ಟು, ಧ್ಯಾನ ಮುಗಿಸಿ ಓದಲು ಕುಳಿತಿದ್ದರು. ಎರಡು ವರ್ಷ ಬಿಟ್ಟ ಅಕ್ಷರ, ತಡೆತಡೆದು ಓದುವ ದನಿ ಬೀದಿಗೆ ಕೇಳುತ್ತಿತ್ತು. ಪೂಜ್ಯರು ಸಮೀಪಿಸಿದ್ದನ್ನು ಕಂಡು ಚಂದ್ರವ್ವ ಆಕೆಯ ಹೆಸರು ಹಿಡಿದು ಕೂಗಿದಳು. ಸಾಲಿನ ನಡುವೆಯೇ ದನಿ ನಿಂತಿತು. ಜಿನ್ನವ್ವ ಎದ್ದರು. ಗ್ರಂಥವನ್ನು ತೆರೆದಲ್ಲೇ ಬಿಟ್ಟು, ಬರಿಗೈಯಲ್ಲಿ ಓಡಿಬಂದು ಹೊಸ್ತಿಲು ದಾಟಿದರು.

ಮಹಾರಾಜರ ಪಾದಗಳು ನಿಂತವು.

ಗುರುತು ಏನಿತ್ತೋ ಅವರು ಎಂದೂ ಹೇಳಲಿಲ್ಲ, ಕೇಳುವ ಧೈರ್ಯ ನಮಗೂ ಬರಲಿಲ್ಲ. ಜಿನ್ನವ್ವ ಕೈಮುಗಿದು ಬಿನ್ನವಿಸಿಕೊಂಡರು. ಹಿಂದಿನ ದಿನ ಮುರಿದ ಮಾತಿಗೆ ಬಂದಾಗ ನಾವೆಲ್ಲ ಕಣ್ಣು ಮುಚ್ಚಿಕೊಂಡೆವು. “ಮನಶುದ್ಧಿ” ಎಂದರು, ಮುಂದಿನ ಮೂರನ್ನೂ ಹೇಳಿದರು. ಆಕೆ ಎರೆದ ಮೊದಲ ಬೊಗಸೆ ನೀರನ್ನು ಐದನೆಯ ದಿನ ಪೂಜ್ಯರು ಕುಡಿದರು.

ಆಹಾರವಾದ ಮೇಲೆ ಊರೆಲ್ಲ ಜಯಕಾರ ಹಾಕುತ್ತ ಅವರ ಹಿಂದೆ ಬಸದಿಗೆ ನಡೆಯಿತು. ಜಿನ್ನವ್ವ ಬರಲಿಲ್ಲ. ಅರ್ಧಕ್ಕೆ ಬಿಟ್ಟ ಸಾಲು ಮುಗಿಸಲು ಒಳಗೆ ಹೋಗಿ ಕುಳಿತಿದ್ದರು.