ಖುಷಿಗೆಂದು ಕೊಂಡ ಕುದುರೆ

“ಬುದ್ಧಿ, ನನ್ನ ಹತ್ರ ಒಂದು ಸ್ಪೋರ್ಟ್ಸ್ ಕಾರಿದೆ. ಅದರ ಜೊತೆಗೆ ಸುಮ್ನೆ ಖುಷಿಗೆ ಅಂತ ಇನ್ನೊಂದು ಕಾರು ತಗೋಬೇಕು. ಯಾವುದು ತಗೊಳ್ಳಲಿ?”

ಕೇಳಿದವನು ಹಾಲೇಶ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಯ ಮುಂದೆ ಬೆವರು ಸುರಿಸಿ ಮೇಲೆ ಬಂದವನು. ವಾರಕ್ಕೊಮ್ಮೆ ತಪ್ಪದೆ ಮಠಕ್ಕೆ ಬಂದು ಗುರುಗಳ ಎದುರು ಕೂರುತ್ತಿದ್ದ. ಮಾಯೆ ಎಂದರೇನು, ಮುಕ್ತಿ ಎಂದರೇನು ಎಂದು ಕೇಳುವವರ ನಡುವೆ ಇವನ ಪ್ರಶ್ನೆ ಕೇಳಿ ಅಕ್ಕಪಕ್ಕದವರು ನಕ್ಕರು. ಗುರುಗಳು ನಗಲಿಲ್ಲ. ಮನುಷ್ಯನ ಕೊರಗು ಯಾವ ಬಾಗಿಲಿನಿಂದ ಬಂದರೂ ಅದನ್ನು ಒಳಗೆ ಕರೆದು ಕೂರಿಸುವುದು ಅವರ ರೀತಿ.

“ಯಾವ ಯಾವುದು ನೋಡಿದೀಯಪ್ಪ?” ಎಂದರು.

ಹಾಲೇಶ ಹೇಳಿದ. ಮೇಲ್ಛಾವಣಿ ಬಿಚ್ಚಿಡಬಹುದಾದ ಜೀಪೊಂದನ್ನು ನೋಡಿದ್ದ. ಸ್ಪೋರ್ಟ್ಸ್ ಕಾರಿನ ಪಕ್ಕದಲ್ಲಿ ಅದಕ್ಕೆ ಕಳೆಯಿಲ್ಲ ಎಂದು ಗೆಳೆಯರು ಅಂದಿದ್ದರು. ಹಳೆಯ ಕಾಲದ ಪುಟ್ಟ ಕಾರೊಂದು ಮನಸ್ಸಿಗೆ ಹಿಡಿಸಿತ್ತು. ಅದರಲ್ಲಿ ಓಡಾಡಿದರೆ ವ್ಯಾಪಾರ ಬಿದ್ದುಹೋಯಿತೇ ಎಂದು ಜನ ಕೇಳಿಯಾರು. ಆದರೂ ದೀಪಾವಳಿಯೊಳಗೆ ಕೊಂಡೇ ತೀರುವುದೆಂದು ಹಟ ಹಿಡಿದಿದ್ದ. ಕಾರು ಓಡಿಸುವಾಗ ನಗುವುದನ್ನು ಅವನು ಯಾವಾಗಲೋ ಬಿಟ್ಟಿದ್ದ. ಅದು ಅವನಿಗೆ ಮತ್ತೆ ಬೇಕಾಗಿತ್ತು.

ಗುರುಗಳು ಕತೆ ಶುರು ಮಾಡಿದರು.

ಒಬ್ಬ ವರ್ತಕನಿದ್ದ. ಅವನ ಬಳಿ ಒಂದು ಓಟದ ಕುದುರೆ ಇತ್ತು. ವರ್ಷಕ್ಕೊಮ್ಮೆ ರಾಜಧಾನಿಯ ಬಯಲಿನಲ್ಲಿ ಓಡುತ್ತಿತ್ತು, ಗೆಲ್ಲುತ್ತಿತ್ತು. ಉಳಿದ ದಿನ ಲಾಯದಲ್ಲಿ ನಿಂತು ಹುರುಳಿ ತಿನ್ನುತ್ತಿತ್ತು. ಕಲ್ಲು ತಾಗೀತೆಂದು ಅದನ್ನು ಬೀದಿಗೆ ಬಿಡುತ್ತಿರಲಿಲ್ಲ. ಗಾಳಿ ಸೋಕೀತೆಂದು ಕಂಬಳಿ ಹೊದಿಸುತ್ತಿದ್ದರು. ಓಡಿಸುವುದಕ್ಕೆ ಸಣಕಲು ಸವಾರನೊಬ್ಬನಿದ್ದ. ವರ್ತಕ ಅದರ ಬೆನ್ನು ಸವರಿದ್ದನೇ ಹೊರತು ಬೆನ್ನೇರಿದವನಲ್ಲ. ಊರೆಲ್ಲ ಅವನನ್ನು ಕುದುರೆ ಸಾಹುಕಾರ ಎಂದು ಕರೆಯುತ್ತಿತ್ತು. ಕುದುರೆ ಸಾಹುಕಾರ ದಿನಾ ಅಂಗಡಿಗೆ ನಡೆದುಕೊಂಡು ಹೋಗುತ್ತಿದ್ದ.

ಹರೆಯದಲ್ಲಿ ಅವನು ಹೀಗಿರಲಿಲ್ಲ. ಉಪ್ಪಿನ ಹೇರು ಹೊರುವ ಕುದುರೆಗಳನ್ನು ಊರಿಂದೂರಿಗೆ ಹೊಡೆಯುತ್ತಿದ್ದ. ಹೇರು ಇಳಿಸಿದ ಮೇಲೆ ಜೀನು ಇಲ್ಲದ ಬರಿ ಬೆನ್ನಿನ ಮೇಲೆ ಕೂತು ಮನೆಗೆ ಬರುತ್ತಿದ್ದ. ಆ ಸುಖ ಇನ್ನೂ ನೆನಪಿತ್ತು. ಈಗ ಮಂಡಿ ಹಿಡಿದುಕೊಳ್ಳುತ್ತಿತ್ತು. ವೈದ್ಯರು ಕಾಲು ಒತ್ತಿ ನೋಡಿ, ಇನ್ನೊಂದೆರಡು ವರ್ಷ, ಆಮೇಲೆ ಕುದುರೆ ಹತ್ತುವ ಮಾತು ಬೇಡ ಎಂದಿದ್ದರು. ವರ್ತಕನಿಗೆ ಸಂಕಟವಾಯಿತು. ಇನ್ನೊಂದು ಕುದುರೆ ಕೊಳ್ಳಬೇಕು, ತಾನು ಏರುವ ಕಡೆಯ ಕುದುರೆ ಅದೇ, ಅದು ಸಿಕ್ಕೇ ಸಿಗಬೇಕು ಎಂದು ನಿಶ್ಚಯಿಸಿದ.

“ಮನೇಲಿ ಕುದುರೆ ಇದೆಯಲ್ಲ?” ಎಂದಳು ಹೆಂಡತಿ.

“ಅದು ಗೆಲ್ಲೋದಕ್ಕೆ. ಇದು ನನಗೆ,” ಎಂದ ವರ್ತಕ.

ಕುದುರೆ ಸಂತೆಗೆ ಹೋದ. ಕುದುರೆ ಕೊಳ್ಳುವುದಕ್ಕೆ ಒಂದು ಪದ್ಧತಿಯಿದೆ. ಕೊಳ್ಳುವವನು ನೆಲದ ಮೇಲೆ ನಿಲ್ಲುತ್ತಾನೆ. ಹಲ್ಲು ನೋಡುತ್ತಾನೆ, ಗೊರಸು ಎತ್ತಿಸಿ ನೋಡುತ್ತಾನೆ, ಮೈಮೇಲಿನ ಕೂದಲ ಸುಳಿ ನೋಡುತ್ತಾನೆ. ಮಾರುವವನ ಕಡೆಯ ಆಳು ಏರಿ ಓಡಿಸಿ ತೋರಿಸುತ್ತಾನೆ. ಓಟದ ಕುದುರೆಯನ್ನು ವರ್ತಕ ಹಾಗೆಯೇ ಕೊಂಡಿದ್ದ. ಇದನ್ನೂ ಹಾಗೆಯೇ ಕೊಳ್ಳಲು ಹೊರಟ. ಜೊತೆಗೆ ಗೆಳೆಯರ ಹಿಂಡು. ಏರುವವನು ಒಬ್ಬ, ಒಪ್ಪಬೇಕಾದವರು ಹತ್ತು ಮಂದಿ.

ಒಂದರ ಓಟ ಸಾಲದು, ಮನೆಯದರ ಮುಂದೆ ಕತ್ತೆಯ ಹಾಗೆ ಕಂಡೀತು ಎಂದರು. ಇನ್ನೊಂದರ ಬಣ್ಣ ಮಂಕು ಎಂದರು. ಮತ್ತೊಂದು ಎಲ್ಲದರಲ್ಲೂ ಸರಿಯಿತ್ತು, ಆದರೆ ಕಣ್ಣಿನ ಕೆಳಗೆ ಸುಳಿ. ಅಂಥದ್ದು ಬಂದ ಮನೆಯಲ್ಲಿ ಕಣ್ಣೀರು ತಪ್ಪದು ಎಂದರು. ಹಸಿದವನು ಎಲೆಯ ಮುಂದೆ ಕೂತು ಅಗುಳು ಎಣಿಸಿದ ಹಾಗಾಯಿತು ವರ್ತಕನ ಪಾಡು. ಸಂತೆಯಿಂದ ಸಂತೆಗೆ ಅಲೆದ. ಮಳೆಗಾಲ ಬಂತು, ಹೋಯಿತು. ಮಂಡಿ ಇನ್ನಷ್ಟು ಬಿಗಿದುಕೊಂಡಿತು. ಹಟ ಮಾತ್ರ ಸಡಿಲವಾಗಲಿಲ್ಲ.

ಮುಂದಿನ ಸಂತೆಗೆ ಹೆಂಡತಿಯೂ ಬಂದಳು. ಗಂಡನ ಹಿಂದೆಯೇ ನಡೆದಳು. ವರ್ತಕ ಒಂದು ಗಿಡ್ಡ ತಟ್ಟು ಕುದುರೆಯ ಪಕ್ಕದಲ್ಲಿ ಹಾದುಹೋಗುತ್ತಿದ್ದ. ಮೋಟು ಕಾಲು, ಉಬ್ಬಿದ ಹೊಟ್ಟೆ. ಅದು ಅವನ ಕೈಯಲ್ಲಿದ್ದ ವೀಳ್ಯದೆಲೆಯನ್ನು ಕಿತ್ತುಕೊಂಡು ತಿಂದುಬಿಟ್ಟಿತು. ವರ್ತಕ ನಕ್ಕ. ನಕ್ಕವನು ಸುತ್ತಲೂ ನೋಡಿ, ಮುಖ ಗಂಭೀರ ಮಾಡಿಕೊಂಡು ಮುಂದಿನ ಕುದುರೆಯ ಕಡೆ ನಡೆದ.

“ನಿಲ್ಲಿ,” ಎಂದಳು ಹೆಂಡತಿ. “ಇಷ್ಟು ಸಂತೆ ಸುತ್ತಿದಿರಿ. ಒಂದನ್ನಾದರೂ ಹತ್ತಿ ನೋಡಿದಿರಾ?”

“ಇಷ್ಟು ಜನ ಇದ್ದಾರೆ. ಬಿದ್ದರೆ?”

“ಬಿದ್ದರೆ ಏಳಿ.”

ವರ್ತಕನಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು. ಕೆಟ್ಟ ಕುದುರೆ ಗಂಟು ಬಿದ್ದೀತೆಂದು ತನಗೆ ಭಯ ಎಂದುಕೊಂಡಿದ್ದ. ನಿಜವಾಗಿ ಭಯವಿದ್ದದ್ದು ಕುದುರೆ ಸಾಹುಕಾರ ಎಂಬ ಹೆಸರು ಮಣ್ಣುಪಾಲಾದೀತೆಂದು. ಇದು ಹೊಳೆದ ಮೇಲೆ ಅವನು ತಡಮಾಡಲಿಲ್ಲ. ಪೇಟ ತೆಗೆದು ಹೆಂಡತಿಯ ಕೈಗೆ ಕೊಟ್ಟ. ಪಂಚೆಯನ್ನು ಬಿಗಿದು ಕಚ್ಚೆ ಹಾಕಿದ. ಗೆಳೆಯರು ಬೇಡ ಬೇಡ ಎನ್ನುತ್ತಿದ್ದಂತೆ ತಟ್ಟುವಿನ ಕಡೆ ತಿರುಗಿ ನಡೆದ.

ಏರಿದ. ತಟ್ಟು ನಾಲ್ಕು ಹೆಜ್ಜೆ ಹಾಕಿ, ಹುಲ್ಲು ಕಂಡು, ಗಕ್ಕನೆ ತಲೆ ತಗ್ಗಿಸಿತು. ವರ್ತಕ ಅದರ ಕುತ್ತಿಗೆಯ ಮೇಲಿಂದ ಜಾರಿ ನೆಲಕ್ಕೆ ಬಿದ್ದ. ಸಂತೆಗೆ ಸಂತೆಯೇ ನಕ್ಕಿತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದುಕೊಳ್ಳುವುದಕ್ಕೂ ದಾರಿಯಿರಲಿಲ್ಲ. ಮೀಸೆ ಮಣ್ಣಾಗಿತ್ತು, ಎಲ್ಲರೂ ನೋಡಿದ್ದರು. ಇನ್ನು ಕಾಪಾಡಿಕೊಳ್ಳುವುದಕ್ಕೆ ಏನೂ ಉಳಿದಿರಲಿಲ್ಲ. ಮಂಡಿ ನೋಯುತ್ತಿತ್ತು. ಅವನು ಎದ್ದ. ಮತ್ತೆ ಏರಿದ.

ಈ ಸಲ ತಟ್ಟು ತಲೆ ತಗ್ಗಿಸುವ ಮೊದಲೇ ಲಗಾಮು ಎಳೆದು ಹಿಡಿದ. ಅದು ಒಲ್ಲೆ ಎಂದಿತು. ಇವನೂ ಬಿಡಲೊಲ್ಲೆ ಎಂದ. ಕೊನೆಗೆ ತಟ್ಟು ನಡೆಯಿತು, ನಡೆದದ್ದು ಕುಕ್ಕುಲೋಟ ಹಿಡಿಯಿತು. ಬಯಲು ದಾಟಿ, ಕೆರೆಯ ಏರಿ ಹತ್ತಿ, ಕಣ್ಣಿಗೆ ಕಾಣದಷ್ಟು ದೂರ ಹೋಯಿತು. ತಿರುಗಿ ಬಂದಾಗ ವರ್ತಕನ ಮೈಯೆಲ್ಲ ಧೂಳು. ಮುಖದ ತುಂಬ ನಗು. ಹೆಂಡತಿ ಪೇಟವನ್ನು ಅವನ ಕೈಗೆ ಕೊಟ್ಟಳು.

ಆ ತಟ್ಟುವನ್ನೇ ಕೊಂಡ. ಹಲ್ಲು ನೋಡಲಿಲ್ಲ, ಸುಳಿಯನ್ನೂ ನೋಡಲಿಲ್ಲ. ಊರಿನವರು ಕೆಲವು ದಿನ ಆಡಿಕೊಂಡರು. ಆಡಿಕೊಳ್ಳುವವರಿಗೂ ಬೇರೆ ಕೆಲಸವಿರುತ್ತದೆ, ಬಿಟ್ಟರು. ಮಂಡಿ ಒಪ್ಪಿದಷ್ಟು ದಿನ ಅವನು ಸವಾರಿ ಮಾಡಿದ.

ಗುರುಗಳು ಕತೆ ನಿಲ್ಲಿಸಿದರು.

ಹಾಲೇಶನ ಮುಖ ಅರಳಿತ್ತು. ಎಷ್ಟೋ ದಿನದ ಗೊಂದಲ ಕಳೆದು ಎದೆ ಹಗುರಾಗಿತ್ತು. ಹಳೆಯ ಪುಟ್ಟ ಕಾರು ಅವನ ಮನಸ್ಸಿನಲ್ಲಿ ಆಗಲೇ ಮನೆಯ ಗೇಟು ದಾಟಿ ಒಳಗೆ ಬಂದಿತ್ತು. ಗುರುಗಳಿಗೆ ನಮಸ್ಕರಿಸಿ ಎದ್ದು ನಿಂತ.

“ಗೊತ್ತಾಯ್ತು ಬುದ್ಧಿ. ಜನ ಏನಾದ್ರೂ ಅಂದ್ಕೊಳ್ಳಲಿ, ನಾಳೆನೇ ಹೋಗಿ ಆ ಪುಟ್ಟ ಕಾರನ್ನ ಓಡಿಸಿ ನೋಡ್ತೀನಿ. ಇದು ನನ್ನ ಖುಷಿಗೆ ತಗೊಳ್ಳೋದು.”

“ತಗೋ,” ಎಂದರು ಗುರುಗಳು. “ಹಾಗಾದ್ರೆ ಮೊದಲನೇದನ್ನ ಯಾರ ಖುಷಿಗೆ ತಗೊಂಡಿದ್ದೆ?”

ಹಾಲೇಶ ಎದ್ದವನು ಮತ್ತೆ ಕೂತ.