ಸೂತಕದ ಗುಡ್ಡಕ್ಕೆ ಆ ಹೆಸರು ಬಂದದ್ದು

ಹೊನ್ನಕುಂಟೆಯ ಗೌಡರ ಮನೆ ಎಂದರೆ ಸುತ್ತಲಿನ ಹಳ್ಳಿಗಳಲ್ಲಿ ಇಂದಿಗೂ ಜನ ದನಿ ತಗ್ಗಿಸಿ ಮಾತಾಡುತ್ತಾರೆ. ಊರಿನ ಕೆರೆಗೆ ತೂಬು ಕಟ್ಟಿಸಿದವರು, ಹೆಣ್ಣುಮಕ್ಕಳನ್ನು ಎಲ್ಲರಿಗಿಂತ ಮೊದಲು ಕಾನ್ವೆಂಟಿಗೆ ಕಳಿಸಿದವರು ನಮ್ಮವರು. ನಾನೂ ಅಲ್ಲಿಯೇ ಓದಿದವಳು. ಸುಳ್ಳು ಬರೆಯುವುದು ತಪ್ಪೆಂದು ಅಲ್ಲಿನ ಸಿಸ್ಟರುಗಳಿಂದ ಕಲಿತವಳು. ಊರಿನ ಉತ್ತರಕ್ಕಿರುವ ಸೂತಕದ ಗುಡ್ಡದ ಕಾಡಿನಲ್ಲಿ ಈಗ ಕೋತಿ, ಮುಸುವಗಳ ರಕ್ಷಣಾಧಾಮವಿದೆ. ಆಟದವರ ಸರಪಳಿಯಿಂದ, ಔಷಧ ಪರೀಕ್ಷೆಯ ಪಂಜರಗಳಿಂದ ಬಿಡಿಸಿ ತಂದ ಪ್ರಾಣಿಗಳು ಅಲ್ಲಿವೆ. ಒಳ್ಳೆಯ ಕೆಲಸ. ಆದರೆ ಬಾಗಿಲಲ್ಲಿ ನಿಲ್ಲಿಸಿದ ಹೊಸ ಫಲಕದಲ್ಲಿ, ಹಿಂದಿನ ಕಾಲದ ನಮ್ಮ ಮನೆಯ ಸೊಸೆ ಬಯ್ಯಮ್ಮ ಮುಸುವಗಳಿಗೆ ವಿಷವಿಕ್ಕಿದಳು, ಆ ಪಾಪದ ಸೂತಕವೇ ಗುಡ್ಡದ ಹೆಸರಾಯಿತು ಎಂದು ಬರೆದಿದ್ದಾರೆ. ಕೇಳಲು ಹೋದರೆ ಧಾಮದ ಮುಖ್ಯಸ್ಥ, "ಹಳೇ ಕಥೆ ತಾನೇ ಆಂಟಿ, ಜನ ನಿಂತು ಓದಲಿ ಅಂತ ಸ್ವಲ್ಪ ಖಾರ ಹಾಕಿದ್ದೇವೆ" ಎಂದ. ನಾನು ಆತನ ಆಂಟಿಯಲ್ಲ. ನಡೆದದ್ದು ಇದು.

ಹಿಂದೆ ಒಮ್ಮೆ ಈ ಸೀಮೆಯನ್ನು ಕೆಂಚಪ್ಪನಾಯಕನೆಂಬ ಪಾಳೆಯಗಾರ ಆಳುತ್ತಿದ್ದ. ಮಗಳ ಮದುವೆಗೆಂದು ಚಪ್ಪರದ ಬಳಿ ಒಣಹಾಕಿದ್ದ ಕೊಬ್ಬರಿಯನ್ನು ಗುಡ್ಡದ ಮುಸುವಗಳು ಹೊತ್ತೊಯ್ದವು. ಸಿಟ್ಟಿಗೆದ್ದ ನಾಯಕ ಕೋವಿ ಹಾರಿಸಿದ. ಎದೆಗೆ ಮರಿ ಅವಚಿಕೊಂಡಿದ್ದ ಹೆಣ್ಣು ಮುಸುವವೊಂದು ಸತ್ತು ಕೆಳಗೆ ಬಿತ್ತು. ಅರಮನೆಯ ಮದುವೆಗಳಲ್ಲಿ ಕಳಸ ಹೊರುವ ಹಕ್ಕು ನಮ್ಮ ಮನೆಯ ಸೊಸೆಯಂದಿರದು. ಅವರು ಕಳಸ ಹೊತ್ತು ಮುಂದೆ ನಡೆಯದೆ ಧಾರೆ ಆಗುವಂತಿರಲಿಲ್ಲ. ಆ ಮದುವೆಯ ಕಳಸಗಿತ್ತಿ ಬಯ್ಯಮ್ಮ. ಆಕೆ ಸತ್ತ ಮುಸುವವನ್ನು ಮಣ್ಣು ಮಾಡಿಸಿ, ತಲೆಗೆ ನೀರು ಹಾಕಿಕೊಂಡು, ಮರಿಯನ್ನು ಮಡಿಲಲ್ಲಿಟ್ಟುಕೊಂಡು ಗುಡ್ಡದ ಬುಡದಲ್ಲಿ ಕುಳಿತುಬಿಟ್ಟಳು ಎನ್ನುತ್ತಾರೆ.

ನಾಯಕ ತಾನೇ ಬಂದ. "ಏನಮ್ಮ, ಮುಹೂರ್ತ ಮೀರುತ್ತಿದೆ, ಏಳು."

"ಸೂತಕ, ದೊರೆ. ಕಳಸ ಮುಟ್ಟುವ ಹಾಗಿಲ್ಲ."

"ಆ ಕೋತಿ ನಿನಗೆ ಏನಾಗಬೇಕು? ಅತ್ತೆಯೋ, ಓರಗಿತ್ತಿಯೋ?" ಎಂದು ಆತ ಹಂಗಿಸಿದ.

"ನಿಮ್ಮ ಮನೆದೇವರು ಹನುಮಪ್ಪ. ಸತ್ತವಳು ಅವನ ಕುಲದವಳು. ಸೂತಕ ಮೊದಲು ನಿಮಗೆ, ಆಮೇಲೆ ನನಗೆ."

ಇದನ್ನು ಕೇಳಿದ ಓಲಗದವರು ವಾದ್ಯ ಕೆಳಗಿಟ್ಟರು. ಅಡುಗೆಯವರು ಒಲೆ ಆರಿಸಿದರು. ಗಂಡಿನ ತಾಯಿ, "ಬೀಗರೇ, ಸೂತಕದ ಮನೆಯಲ್ಲಿ ನಾವು ನೀರೂ ಕುಡಿಯುವುದಿಲ್ಲ" ಎಂದು ಗಾಡಿ ಕಟ್ಟಿಸತೊಡಗಿದಳು. ಮಗಳ ಮದುವೆ ಕಣ್ಣೆದುರೇ ಮುರಿಯುವುದನ್ನು ಕಂಡು ನಾಯಕ ಸೋತ. ಕೋವಿಯನ್ನು ಬಯ್ಯಮ್ಮನ ಮುಂದಿಟ್ಟು, ಇಡೀ ಗುಡ್ಡವನ್ನು ಮುಸುವಗಳಿಗೆ ಬಿಟ್ಟುಕೊಟ್ಟು, ಅಲ್ಲಿ ಯಾರೂ ಆಯುಧ ಎತ್ತುವುದಿಲ್ಲವೆಂದು ಭಾಷೆ ಕೊಟ್ಟ. ಬೀಗರನ್ನು ಬೇಡಿಕೊಂಡು ನಿಲ್ಲಿಸಿಕೊಂಡ. ಸೂತಕ ಕಳೆದ ಮೇಲೆ ಬಯ್ಯಮ್ಮ ತಲೆಯ ಮೇಲೆ ಕಳಸ, ಸೊಂಟದಲ್ಲಿ ಮುಸುವದ ಮರಿ ಹೊತ್ತು ಮದುವೆ ನಡೆಸಿಕೊಟ್ಟಳು. ಆಕೆ ಸೂತಕ ಹಿಡಿದು ಕುಳಿತ ಗುಡ್ಡ ಅಂದಿನಿಂದ ಸೂತಕದ ಗುಡ್ಡವಾಯಿತು.

ಗುಡ್ಡದ ಬುಡಕ್ಕೆ ಹೋದವರು ಇಂದಿಗೂ ಅಲ್ಲೊಂದು ಕೆತ್ತಿದ ಕಲ್ಲನ್ನು ನೋಡಬಹುದು: ಕಳಸ ಹೊತ್ತ ಹೆಂಗಸು, ಸೊಂಟದಲ್ಲಿ ಉದ್ದ ಬಾಲದ ಮರಿ. ಊರಿನಲ್ಲಿ ಮುಸುವ ಸತ್ತ ದಿನ ನಮ್ಮ ಮನೆಯಲ್ಲಿ ಈಗಲೂ ಒಲೆ ಹಚ್ಚುವುದಿಲ್ಲ. ಧಾಮದವರು ದಿನವೂ ಆ ಕಲ್ಲಿನ ಪಕ್ಕದಲ್ಲೇ ಜೀಪು ನಿಲ್ಲಿಸುತ್ತಾರೆ, ತಲೆಯೆತ್ತಿ ನೋಡುವುದಿಲ್ಲ. ತಮ್ಮ ಪ್ರಾಣಿಗಳಿಗೆ ನೆಲ ಕೊಡಿಸಿದವಳನ್ನೇ ಕೊಲೆಗಾತಿ ಎಂದಿದ್ದಾರೆ. ಫಲಕ ಇಳಿಯಬೇಕು. ಧಾಮದ ಮುಖ್ಯಸ್ಥ ಊರಿನವರ ಎದುರು ನಮ್ಮ ಮನೆತನದ ಕ್ಷಮೆ ಕೇಳಬೇಕು.