ಚುಕ್ಕಾಣಿ ತಿರುಗಿಸಿದವರ ಮನೆ

ಅಳಿವೆಯ ದಂಡೆಯ ಗುಡಿಸಲಲ್ಲಿ ವಾಮನಾಚಾರಿ ಎಂಬ ಮುದುಕರು ಹಡಗಿನ ಮಾದರಿ ಕೆತ್ತುವುದನ್ನು ಕಲಿಸುತ್ತಿದ್ದರು. ಅವರ ಬೈಗುಳಕ್ಕೆ ಬೆದರಿ ಶಿಷ್ಯರೆಲ್ಲ ಓಡಿಹೋಗಿ, ಕೊನೆಗೆ ಉಳಿದವನು ಹೆರಿಯ ಒಬ್ಬನೇ.

ಹೆರಿಯ ಓಡುವ ಆಸಾಮಿಯಲ್ಲ. ಅವನಿಗೊಂದು ಹಟವಿತ್ತು.

ಹಿಂದೆ ಈ ಸೀಮೆಯನ್ನು ರಾಣಿಯೊಬ್ಬಳು ಆಳುತ್ತಿದ್ದ ಕಾಲದಲ್ಲಿ ‘ಕಡಲಕೇಸರಿ’ ಎಂಬ ಹಾಯಿಯ ಯುದ್ಧನೌಕೆ ಇದೇ ಅಳಿವೆಯಿಂದ ಹೊರಟಿತ್ತು. ಅದರ ಚುಕ್ಕಾಣಿ ಹಿಡಿದವನು ಹೆರಿಯನ ಮುತ್ತಜ್ಜನ ಮುತ್ತಜ್ಜ. ಎದುರಿಗೆ ಶತ್ರುವಿನ ಹದಿನಾರು ಹಡಗು ಕಂಡದ್ದೇ ತಡ, ಅವನು ಚುಕ್ಕಾಣಿ ತಿರುಗಿಸಿ ವಾಪಸು ಬಂದುಬಿಟ್ಟ.

ಅಂದಿನಿಂದ ಆ ಮನೆಯವರ ಕೈಗೆ ಊರಿನ ಯಾವ ದೋಣಿಯಲ್ಲೂ ಚುಕ್ಕಾಣಿ ಕೊಡುವುದಿಲ್ಲ. ಹೆರಿಯನೂ ಹನ್ನೆರಡು ವರ್ಷ ಹುಟ್ಟು ಹಾಕಿದ್ದನೇ ಹೊರತು ಚುಕ್ಕಾಣಿ ಮುಟ್ಟಿರಲಿಲ್ಲ. ಆ ಅವಮಾನ ಅವನನ್ನು ಒಳಗೊಳಗೇ ಸುಡುತ್ತಿತ್ತು.

ಎರಡು ವರ್ಷ ಕೂತು ಅದೇ ಹಡಗನ್ನು ಸಾಗುವಾನಿಯಲ್ಲಿ ಕೆತ್ತಿದ. ಒಂದು ಮಾರು ಉದ್ದ.

“ಮುಗೀತು ಆಚಾರ್ರೇ. ಊರ ಚಾವಡಿಯಲ್ಲಿ ಇಡ್ತೇನೆ. ಎಲ್ಲರೂ ನೋಡ್ಲಿ.”

ಆಚಾರಿ ಬಗ್ಗಿ ಹಡಗಿನ ಹಿಂಬದಿ ನೋಡಿದರು. “ಚುಕ್ಕಾಣಿ ನೆಟ್ಟಗೆ ಇಟ್ಟಿದ್ದೀಯಲ್ಲ?”

“ನೆಟ್ಟಗೇ ಇರ್ಬೇಕು. ನನ್ನ ಹಡಗು ತಿರುಗಿ ಬರೋದಿಲ್ಲ.”

“ಹೌದಾ? ಎತ್ತಿಕೋ.”

ಇಬ್ಬರೂ ನೀರಿಗಿಳಿದರು. ಇಳಿತದ ಹೊತ್ತು, ಬೆಳಗಿನ ಮೂಡಗಾಳಿ ಬೇರೆ. ಆಚಾರಿ ಹಾಯಿ ಬಿಚ್ಚಿ ಹಡಗನ್ನು ತೇಲಿಬಿಟ್ಟರು.

ಅದು ಒಂಚೂರೂ ಓಲಾಡದೆ ಕಡಲಿನ ಕಡೆ ಹೊರಟಿತು. ಹೆರಿಯನ ಎದೆ ಉಬ್ಬಿತು. ಆಮೇಲೆ ಅಳಿವೆಯ ಬಾಯಲ್ಲಿರುವ ಕರಿಬಂಡೆ ಕಣ್ಣಿಗೆ ಬಿತ್ತು.

ಹಿಂದೆಮುಂದೆ ನೋಡದೆ ಈಜಿದ. ಬಂಡೆ ಇನ್ನೆರಡು ಮಾರು ಇದೆ ಎನ್ನುವಾಗ ಹಡಗಿನ ಹಿಂಬದಿ ಕೈಗೆ ಎಟುಕಿತು. ಚುಕ್ಕಾಣಿಯನ್ನು ಪಟ್ಟಾಗಿ ಹಿಡಿದು ತಿರುಗಿಸಿದ. ಹಡಗು ಹೊರಳಿ ಪಕ್ಕದ ಮರಳ ದಿಬ್ಬ ಸೇರಿತು.

ಏದುಸಿರು ಬಿಡುತ್ತ ಅದನ್ನು ಹೊತ್ತು ತಂದವನನ್ನು ಆಚಾರಿ ಕೇಳಿದರು, “ಎಂತಕ್ಕೆ ತಿರುಗಿಸಿದೆ?”

“ಒಡೆದು ಹೋಗ್ತಿತ್ತಲ್ಲ ಆಚಾರ್ರೇ. ಎರಡು ವರ್ಷದ ಕೆಲಸ.”

“ಅದರೊಳಗೆ ಜನ ಎಷ್ಟಿದ್ರು?”

“ಜನ ಎಲ್ಲಿಂದ ಬರ್ಬೇಕು? ಖಾಲಿ.”

“ಚುಕ್ಕಾಣಿ ತಿರುಗಿಸಿದ ನಿನ್ನ ಆ ಅಜ್ಜನ ಹಡಗಲ್ಲಿ ನೂರಾ ಹತ್ತು ಜನ ಇದ್ರು. ಅಷ್ಟೂ ಈ ಊರಿನವರೇ.”

ಹೆರಿಯನಿಗೆ ನಾಚಿಕೆಯಾಯಿತು. ಕಂಡೇ ಇರದ ಆ ಅಜ್ಜನ ಮೇಲೆ ಮೊದಲ ಸಲ ಪ್ರೀತಿ ಉಕ್ಕಿತು.

ಗುಡಿಸಲಿಗೆ ಹೋಗಿ ಸುತ್ತಿಗೆ ತಂದ. ಚುಕ್ಕಾಣಿಯನ್ನು ಪೂರ್ತಿ ತಿರುಗಿಸಿ, ಇನ್ನೆಂದೂ ಅಲ್ಲಾಡದ ಹಾಗೆ ಬೆಣೆ ಹೊಡೆದ.

“ಹೀಗೇ ಚಾವಡಿಯಲ್ಲಿ ಇಡ್ತೇನೆ. ಇವತ್ತೇ.”

“ಇಡು.”

“ನೋಡಿದವರು ನಗಾಡ್ತಾರೆ. ಆಗ ಎಂತ ಹೇಳ್ಲಿ?”

“ನೀನು ಎಂತದೂ ಹೇಳ್ಬೇಡ. ಅವರ ಅಜ್ಜ ಆ ದಿನ ಮನೆಗೆ ಬಂದದ್ದು ಯಾವುದರಲ್ಲಿ ಅಂತ ಕೇಳು.”